ಜೇಮ್ಸ್ ಅಜ್ಜನನ್ನು ಹುಡುಕಿದ ನಾಲ್ಕು ದಾರಿಗಳು: ಐರಿಷ್ ವಂಶಾವಳಿಯ ದಾಖಲೆಗಳ ಹೋಲಿಕೆ

ಅತ್ತೆಯವರ ಬಳಿ ಇದ್ದದ್ದು ಮೂರೇ ಸುಳಿವು. ಅವರ ಅಜ್ಜಿಯ ಹೆಸರು ನೋರಾ, ಅಜ್ಜಿಯ ಅಪ್ಪ ಜೇಮ್ಸ್ ಎಂಬ ರೈತ, ಊರು ಕ್ಲೇರ್ ಕೌಂಟಿಯ ಪಡುಗಡಲಿನ ಅಂಚಿನಲ್ಲೆಲ್ಲೋ. ಮಲೆನಾಡಿನಿಂದ ಲಿಮೆರಿಕ್‌ಗೆ ಸೊಸೆಯಾಗಿ ಬಂದವಳು ನಾನು. ನಮ್ಮ ಮನೆಯಲ್ಲಿ ಏಳು ತಲೆಮಾರಿನ ಹೆಸರುಗಳನ್ನು ಶ್ರಾದ್ಧದ ದಿನ ಅಪ್ಪ ಬಾಯಲ್ಲೇ ಹೇಳುತ್ತಿದ್ದರು. ಅತ್ತೆಯವರಿಗೆ ಮೂರನೆಯ ತಲೆಮಾರಿನ ಆಚೆ ಏನೂ ಗೊತ್ತಿರಲಿಲ್ಲ. ಅದು ಅವರ ತಪ್ಪಲ್ಲ. ಹಾಗಾಗಿ ಒಂದು ಚಳಿಗಾಲವಿಡೀ ನಾನೇ ಕುಳಿತು ಹುಡುಕಿದೆ. ಯಾವ ದಾಖಲೆ ಎಷ್ಟು ದೂರ ಕರೆದೊಯ್ದಿತು, ಎಲ್ಲಿ ಕೈಬಿಟ್ಟಿತು ಎಂಬುದನ್ನು ಬರೆಯುತ್ತೇನೆ.

ಐರ್ಲೆಂಡಿನ ಹುಡುಕಾಟಕ್ಕೆ ಒಂದು ದೊಡ್ಡ ಗಾಯವಿದೆ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರ ಸ್ಫೋಟ ಮತ್ತು ಬೆಂಕಿಗೆ ಬಲಿಯಾಯಿತು. 1821ರಿಂದ 1851ರವರೆಗಿನ ಜನಗಣತಿಗಳು ಬಹುಪಾಲು ಅಲ್ಲಿಯೇ ಬೂದಿಯಾದವು. 1861 ಮತ್ತು 1871ರವುಗಳನ್ನು ಅದಕ್ಕೂ ಮುಂಚೆ ಸರ್ಕಾರವೇ ನಾಶಮಾಡಿತ್ತು. 1881 ಮತ್ತು 1891ರವುಗಳನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಿಗಾಗಿ ಅರೆದುಹಾಕಿದ್ದರು. ಒಂದು ಶತಮಾನದ ಜನರ ಹೆಸರುಗಳು ಹೀಗೆ ಹೋದವು ಎಂದು ಮೊದಲ ಸಲ ಓದಿದಾಗ ನನಗೆ ಊಟ ಸೇರಲಿಲ್ಲ.

ಉಳಿದ 1901 ಮತ್ತು 1911ರ ಗಣತಿಗಳನ್ನು ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ಉಚಿತವಾಗಿ ನೋಡಬಹುದು. ಯಾರೇ ಆಗಲಿ ಇಲ್ಲಿಂದ ಹೊರಡಬೇಕು. ನೋರಾ 1901ರಲ್ಲಿ ಹದಿನೈದರ ಹುಡುಗಿಯಾಗಿ ಅಪ್ಪನ ಮನೆಯಲ್ಲಿ ಸಿಕ್ಕಳು. ಇನ್ನೊಂದು ನಮೂನೆಯಲ್ಲಿ ಮನೆಯ ಸೂರು ಎಂಥದು, ಕೋಣೆಗಳೆಷ್ಟು, ಮುಂಭಾಗಕ್ಕೆ ಕಿಟಕಿಗಳೆಷ್ಟು ಎಂಬ ವಿವರವೂ ಇತ್ತು. ಭಾಷೆಯ ಅಂಕಣದಲ್ಲಿ ಜೇಮ್ಸ್‌ನ ಮುಂದೆ ‘ಐರಿಷ್ ಮತ್ತು ಇಂಗ್ಲಿಷ್’, ಮಕ್ಕಳ ಮುಂದೆ ಖಾಲಿ. ಒಂದು ಭಾಷೆ ಒಂದೇ ಮನೆಯೊಳಗೆ ನಿಂತುಹೋದದ್ದು ಆ ಖಾಲಿ ಜಾಗದಲ್ಲಿ ಕಾಣುತ್ತದೆ.

ಎರಡು ಗಣತಿಗಳಲ್ಲಿ ನನ್ನ ಮತ 1911ಕ್ಕೆ. ಮದುವೆಯಾಗಿ ಎಷ್ಟು ವರ್ಷವಾಯಿತು, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಮಂದಿ ಬದುಕಿದ್ದಾರೆ ಎಂದು ಮುತ್ತೈದೆಯರನ್ನು ಕೇಳಿದ್ದು ಅದರಲ್ಲೇ. ನೋರಾಳ ತಾಯಿಯ ಸಾಲಿನಲ್ಲಿ 35 ವರ್ಷ, ಒಂಬತ್ತು ಮಕ್ಕಳು, ಬದುಕಿರುವವರು ಆರು ಎಂದಿತ್ತು. ಅಂದರೆ ಮದುವೆ 1876ರ ಸುಮಾರಿಗೆ. ಆದರೆ ವಯಸ್ಸಿನ ವಿಷಯದಲ್ಲಿ 1911ನ್ನು ನಂಬಬೇಡಿ. ಜೇಮ್ಸ್ 1901ರಲ್ಲಿ 55, ಹತ್ತೇ ವರ್ಷದಲ್ಲಿ 71! ಕಾರಣ, 1908ರ ಕಾಯಿದೆಯಿಂದ ಎಪ್ಪತ್ತು ತುಂಬಿದವರಿಗೆ ವೃದ್ಧಾಪ್ಯ ಪಿಂಚಣಿ ಸಿಗತೊಡಗಿತ್ತು. ಹುಟ್ಟಿದ ತಾರೀಖಿಗೆ ಕಾಗದದ ಆಧಾರವಿಲ್ಲದ ಸಾವಿರಾರು ಬಡ ಮುದುಕರ ವಯಸ್ಸು ಆ ದಶಕದಲ್ಲಿ ಹೀಗೆ ಜಿಗಿದಿದೆ.

ಎರಡನೆಯದು ಸರ್ಕಾರದ ಜನನ, ಮರಣ, ವಿವಾಹ ನೋಂದಣಿ. ಕ್ಯಾಥೊಲಿಕರಲ್ಲದವರ ಮದುವೆಗಳ ನೋಂದಣಿ 1845ರಿಂದಲೇ ಇದ್ದರೂ ಎಲ್ಲರಿಗೂ ಎಲ್ಲಕ್ಕೂ ಅದು ಶುರುವಾದದ್ದು 1864ರಲ್ಲಿ. ನೂರು ವರ್ಷ ದಾಟಿದ ಜನನ, ಎಪ್ಪತ್ತೈದು ದಾಟಿದ ಮದುವೆ, ಐವತ್ತು ದಾಟಿದ ಮರಣದ ಪುಟಗಳ ಚಿತ್ರಗಳನ್ನು ಸರ್ಕಾರಿ ವಂಶಾವಳಿ ತಾಣದಲ್ಲಿ ಕಾಸಿಲ್ಲದೆ ನೋಡಬಹುದು. ಇಲ್ಲಿ ಜನನದ ಪುಟಕ್ಕೂ ಮದುವೆಯ ಪುಟಕ್ಕೂ ಜಟಾಪಟಿ. ಜನನದ ಪುಟ ತಾಯಿಯ ತವರಿನ ಮನೆತನವನ್ನು ಹೇಳುತ್ತದೆ. ಮದುವೆಯ ಪುಟ ಎರಡೂ ಕಡೆಯ ಅಪ್ಪಂದಿರ ಹೆಸರು ಮತ್ತು ಕಸುಬನ್ನು ಹೇಳಿ, ತಾಯಂದಿರನ್ನು ಪೂರ್ತಿ ಮರೆಯುತ್ತದೆ. ಮರಣದ ಪುಟದಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲ. 1876ರ ಮದುವೆಯಲ್ಲಿ ಜೇಮ್ಸ್‌ನ ವಯಸ್ಸಿನ ಕಡೆ ಬರೀ ‘ಪ್ರಾಪ್ತ ವಯಸ್ಕ’, ಅಪ್ಪನ ಹೆಸರು ಪ್ಯಾಟ್ರಿಕ್, ರೈತ. ಅಷ್ಟು ಸಾಕಾಗಿತ್ತು. ಆದರೆ ಜೇಮ್ಸ್ ಹುಟ್ಟಿದ್ದು 1864ಕ್ಕೆ ಎಷ್ಟೋ ಮೊದಲು. ಸರ್ಕಾರದ ಪುಸ್ತಕ ಇಲ್ಲಿಗೆ ಮುಗಿಯಿತು.

ಮುಂದಿನ ದಾರಿ ಪಾದ್ರಿಯ ವಹಿ, ಅಂದರೆ ದೀಕ್ಷಾಸ್ನಾನ ಮತ್ತು ಮದುವೆಗಳನ್ನು ಚರ್ಚಿನಲ್ಲಿ ಬರೆದಿಟ್ಟ ಪುಸ್ತಕ. ಚರ್ಚ್ ಆಫ್ ಐರ್ಲೆಂಡ್ ಎಂಬ ಪ್ರಾಟೆಸ್ಟಂಟ್ ಪಂಗಡದ ಅನೇಕ ವಹಿಗಳು ಫೋರ್ ಕೋರ್ಟ್ಸ್‌ನಲ್ಲಿದ್ದುದರಿಂದ ಸುಟ್ಟುಹೋದವು. ಕ್ಯಾಥೊಲಿಕ್ ವಹಿಗಳು ಆಯಾ ಧರ್ಮಕೇಂದ್ರಗಳಲ್ಲೇ, ಅಂದರೆ ಊರ ಚರ್ಚುಗಳಲ್ಲೇ, ಇದ್ದುದರಿಂದ ಉಳಿದವು. ಸುಮಾರು 1880ರವರೆಗಿನ ಈ ವಹಿಗಳ ಮೈಕ್ರೋಫಿಲ್ಮ್‌ಗಳನ್ನು ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಉಚಿತವಾಗಿ ಅಂತರಜಾಲಕ್ಕೆ ಹಾಕಿದೆ. ಹೆಸರಿನಿಂದ ಹುಡುಕುವಂತಿಲ್ಲ, ಧರ್ಮಕೇಂದ್ರ, ವರ್ಷ, ತಿಂಗಳು ಆರಿಸಿ ಪುಟ ಮಗುಚಬೇಕು. ಇದಕ್ಕೆ ಎದುರಾಳಿ, ಚಂದಾ ಕಟ್ಟಿದರೆ ಹೆಸರು ಹಾಕಿದೊಡನೆ ಉತ್ತರ ಕೊಡುವ ತಾಣಗಳು. ಕಣ್ಣಿಗೆ ಸುಖವೆಂದು ಅಂಥ ಒಂದು ತಾಣಕ್ಕೆ ನಾನು ಎರಡು ತಿಂಗಳು ದುಡ್ಡು ಕಟ್ಟಿದೆ. 1838ರಿಂದ 1850ರವರೆಗೆ ಪ್ಯಾಟ್ರಿಕ್‌ನ ಮಗ ಜೇಮ್ಸ್ ಎಂದು ಯಾವ ರೀತಿ ಹಾಕಿದರೂ ಸಿಗಲಿಲ್ಲ. ಮನೆತನದ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದು ನೋಡಿದೆ, ಮುಂದಿನ ‘ಓ’ ತೆಗೆದು ನೋಡಿದೆ. ಆ ಊರಲ್ಲಿ ಅವನು ಹುಟ್ಟಲೇ ಇಲ್ಲವೇನೋ ಎಂದು ಅತ್ತೆಯವರಿಗೆ ಹೇಳಿಯೂ ಬಿಟ್ಟೆ.

ಆಮೇಲೆ ಉಚಿತ ಚಿತ್ರಗಳನ್ನೇ ಹಿಡಿದು ಪುಟಪುಟ ಓದಲು ಕುಳಿತೆ. ಮಾಸಿದ ಮಸಿ, ಒರಟು ಕೈಬರಹ, ಲ್ಯಾಟಿನ್. ಮೊದಲ ರಾತ್ರಿ ಹತ್ತು ಪುಟ ಮುಗಿಸಲಾಗಲಿಲ್ಲ. ನಾಲ್ಕನೆಯ ರಾತ್ರಿಯ ಹೊತ್ತಿಗೆ ಆ ಪಾದ್ರಿಯ ಕೈಯ ತಿರುವುಗಳು ನನಗೆ ಪರಿಚಿತವಾಗಿದ್ದವು. 1844ರ ಫೆಬ್ರವರಿಯಲ್ಲಿ ಸಿಕ್ಕಿತು: ಪ್ಯಾಟ್ರಿಕ್‌ನ ಮಗ ‘ಜೇಕೋಬಸ್’. ಲ್ಯಾಟಿನ್‌ನಲ್ಲಿ ಜೇಮ್ಸ್‌ನನ್ನು ಬರೆಯುವುದೇ ಹಾಗೆ. ವಿಲಿಯಂ ಗುಲಿಯೆಲ್ಮಸ್ ಆಗುತ್ತಾನೆ, ಜಾನ್ ಜೊವಾನ್ನೆಸ್ ಆಗುತ್ತಾನೆ. ಚಂದಾ ತಾಣದ ಸೂಚಿಯಲ್ಲಿ ಅವನನ್ನು ‘ಜೇಕಬ್’ ಎಂದು ಇಳಿಸಿಕೊಂಡಿದ್ದರು. ಅದೇ ಪುಟದಲ್ಲಿ ತಾಯಿಯ ತವರಿನ ಹೆಸರಿತ್ತು, ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತ ಜ್ಞಾನತಂದೆ ಜ್ಞಾನತಾಯಿಯರಿದ್ದರು. ಜ್ಞಾನತಾಯಿ ತಾಯಿಯ ತವರಿನವಳು. ಅದೂ ಸೂಚಿಯಲ್ಲಿ ಇರಲಿಲ್ಲ. 1911ರಲ್ಲಿ ಅವನಿಗೆ ನಿಜವಾಗಿ 67 ಎಂಬುದೂ ಅಲ್ಲಿಯೇ ತಿಳಿಯಿತು. ಊರು ಗೊತ್ತಿದ್ದವರು ಚಿತ್ರವನ್ನೇ ಓದಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾವ ಧರ್ಮಕೇಂದ್ರ ಎಂಬುದೇ ಗೊತ್ತಿಲ್ಲದಿದ್ದರೆ ಮಾತ್ರ ಸೂಚಿಗೆ ಒಂದು ತಿಂಗಳ ಚಂದಾ ಕಟ್ಟಿ. ಕೆರ್ರಿ ಕೌಂಟಿಯ ಮೂಲದವರಿಗೆ ಅದೂ ಬೇಡ, ಅಲ್ಲಿನ ಅನೇಕ ಚರ್ಚ್ ದಾಖಲೆಗಳು ಸರ್ಕಾರಿ ತಾಣದಲ್ಲೇ ಹೆಸರಿನಿಂದ ಸಿಗುತ್ತವೆ.

ನನಗೆ ಎಲ್ಲಕ್ಕಿಂತ ಹತ್ತಿರವೆನಿಸಿದ್ದು ಗ್ರಿಫಿತ್‌ನ ಮೌಲ್ಯಮಾಪನ. ಕಂದಾಯ ನಿಗದಿಗಾಗಿ ರಿಚರ್ಡ್ ಗ್ರಿಫಿತ್ 1847ರಿಂದ 1864ರವರೆಗೆ ಇಡೀ ದೇಶದ ಜಮೀನನ್ನು ಅಳೆಸಿ ಅಚ್ಚು ಹಾಕಿಸಿದ ಪುಸ್ತಕವಿದು, ಕ್ಲೇರ್‌ನದು 1855ರದು. ನಮ್ಮ ಪಹಣಿ ಓದಿದ ಕಣ್ಣಿಗೆ ಒಂದೂ ಅಂಕಣ ಹೊಸದಲ್ಲ: ಗೇಣಿದಾರ ಯಾರು, ಧಣಿ ಯಾರು, ಮನೆ, ಕೊಟ್ಟಿಗೆ, ಎಕರೆ, ರೂಡ್, ಪರ್ಚ್. ರೂಡ್ ಎಂದರೆ ಹತ್ತು ಗುಂಟೆ, ಪರ್ಚ್ ಎಂದರೆ ಕಾಲು ಗುಂಟೆ. ಹೆಂಗಸರು ಮಕ್ಕಳ ಸುದ್ದಿ ಇದರಲ್ಲಿಲ್ಲ, ವಿಧವೆಯೇ ಯಜಮಾನಿಯಾದರೆ ಮಾತ್ರ ಉಂಟು. ಆದರೆ ಹಸಿವಿನಿಂದ ಊರುಗಳೇ ಬರಿದಾದ ವರ್ಷಗಳನ್ನು ದಾಟಿ ಯಾರು ನೆಲದಲ್ಲಿ ಉಳಿದರು ಎಂಬುದಕ್ಕೆ ಅತ್ಯಂತ ಪೂರ್ಣವಾದ ಸಾಕ್ಷಿ ಇದೇ.

ಆ ಊರಿನಲ್ಲಿ ಒಂದೇ ಮನೆತನದ ಇಬ್ಬರು ಪ್ಯಾಟ್ರಿಕ್‌ಗಳಿದ್ದರು. ಗುರುತಿಗಾಗಿ ಒಬ್ಬನ ಮುಂದೆ ‘ಮೈಕಲ್’, ಇನ್ನೊಬ್ಬನ ಮುಂದೆ ‘ಜಾನ್’ ಎಂದು ಅವರವರ ಅಪ್ಪಂದಿರ ಹೆಸರನ್ನು ಆವರಣದಲ್ಲಿ ಕೊಟ್ಟಿದ್ದರು. ನಮ್ಮವನು ಯಾರು? ಉತ್ತರ ಪಾದ್ರಿಯ ವಹಿಯಲ್ಲಿತ್ತು. ಜೇಮ್ಸ್‌ನ ಅಣ್ಣ, ಮನೆಯ ಹಿರಿಮಗ, 1839ರಲ್ಲಿ ದೀಕ್ಷಾಸ್ನಾನ ಪಡೆದ ಮೈಕಲ್. ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವುದು ಐರಿಷ್ ರೈತರ ವಾಡಿಕೆ. ನನ್ನ ಅಣ್ಣನಿಗೂ ನಮ್ಮ ಅಜ್ಜನದೇ ಹೆಸರು. ಅದನ್ನು ಯಾರೂ ನನಗೆ ವಿವರಿಸಿ ಹೇಳಬೇಕಾಗಲಿಲ್ಲ.

ವಾಡಿಕೆ ಪುರಾವೆಯಲ್ಲ ಎಂದು ಡಬ್ಲಿನ್‌ಗೆ ಹೋಗಿ ಮೌಲ್ಯಮಾಪನದ ತಿದ್ದುಪಡಿ ಪುಸ್ತಕಗಳನ್ನೂ ನೋಡಿದೆ. ಗೇಣಿದಾರ ಬದಲಾದಾಗಲೆಲ್ಲ ಹಳೆಯ ಹೆಸರನ್ನು ಹೊಡೆದು, ಆ ವರ್ಷದ ಬಣ್ಣದ ಮಸಿಯಲ್ಲಿ ಹೊಸ ಹೆಸರು ಬರೆಯುತ್ತಿದ್ದರು. ಮೈಕಲ್‌ನ ಮಗ ಪ್ಯಾಟ್ರಿಕ್‌ನ ಹೆಸರಿನ ಮೇಲೆ ಗೆರೆ, ಮೇಲೆ ಕೆಂಪು ಮಸಿಯಲ್ಲಿ ಜೇಮ್ಸ್. ಒಂದು ಸಾವು, ಒಂದು ವಾರಸುದಾರಿಕೆ, ಎರಡಕ್ಕೂ ಸೇರಿ ಒಂದೇ ಗೆರೆ. ಇಡೀ ಹುಡುಕಾಟದಲ್ಲಿ ನಾನು ಕಣ್ಣೀರು ಹಾಕಿದ್ದು ಅಲ್ಲಿ ಮಾತ್ರ.

ಡಿಎನ್‌ಎ ಪರೀಕ್ಷೆಯನ್ನೂ ಅತ್ತೆಯವರಿಗೆ ಮಾಡಿಸಿದೆವು. ಅಮೆರಿಕದಲ್ಲಿ ದೂರದ ನೆಂಟರು ಸಿಕ್ಕರು, ಅವರಿಗೂ ಕ್ಲೇರ್ ಎಂಬುದಕ್ಕಿಂತ ಹೆಚ್ಚು ತಿಳಿದಿರಲಿಲ್ಲ.

ಗ್ರಿಫಿತ್‌ಗಿಂತ ಹಿಂದಕ್ಕೆ ಹೋಗಬೇಕೆನ್ನುವವರಿಗೆ 1823ರಿಂದ ಶುರುವಾಗುವ, ಚರ್ಚ್ ತೆರಿಗೆಗಾಗಿ ಬರೆದ ಟೈದ್ ಪುಸ್ತಕಗಳಿವೆ. ಅಲ್ಲಿನ ಎಕರೆ ಹಲವೆಡೆ ಐರಿಷ್ ಎಕರೆ, ಇಂದಿನ ಎಕರೆಯ ಒಂದೂವರೆ ಪಟ್ಟಿಗಿಂತ ದೊಡ್ಡದು. ಅದನ್ನು ಮರೆತು ಗ್ರಿಫಿತ್‌ನ ಲೆಕ್ಕಕ್ಕೆ ಹೋಲಿಸಿದರೆ ಜಮೀನು ಬೆಳೆಯದಿದ್ದರೂ ಬೆಳೆದಂತೆ ಕಾಣುತ್ತದೆ. ಜೇಮ್ಸ್‌ನ ಊರಿನ, ಅದೇ ಮನೆತನದ ಒಬ್ಬ ಮೈಕಲ್ ಆ ಟೈದ್ ಪುಸ್ತಕದಲ್ಲಿದ್ದಾನೆ. ಅತ್ತೆಯವರು ಈಗ ಆ ಪುಟದ ಪ್ರತಿಯನ್ನು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾರೆ.