ಬಿಚ್ಚಿದ ಜೀಪ್ ಮಾಡು (ಚಾವಣಿ) ಎಲ್ಲಿಡುವುದು: ಬಟ್ಟೆ ಪುಲ್ಲಿ, ಗೋಡೆ ಬ್ರಾಕೆಟ್, ಪಿವಿಸಿ ಸ್ಟ್ಯಾಂಡ್

ಜೀಪ್ ರಾಂಗ್ಲರ್‌ನ ಮಾಡಿನ ಮುಂದಿನ ಎರಡು ಪ್ಯಾನೆಲ್ ಬಿಚ್ಚುವುದು ಸುಲಭ. ಕಾರವಾರದ ಉಪ್ಪುಗಾಳಿಯಲ್ಲಿ, ಶಿರಸಿಯ ಥಂಡಿಯಲ್ಲಿ ಅವನ್ನು ಕೆಡದಂತೆ ಇಡುವುದು ಕಷ್ಟ. ಪ್ಯಾನೆಲ್ ಫೈಬರ್‌ನದು, ತುಕ್ಕು ಹಿಡಿಯುವುದಿಲ್ಲ. ಕೆಡುವುದು ಅಂಚಿನ ರಬ್ಬರ್. ತಿಂಗಳುಗಟ್ಟಲೆ ಭಾರ ಅದರ ಮೇಲೇ ಕೂತರೆ ಚಪ್ಪಟೆಯಾಗಿ ಮತ್ತೆ ಉಬ್ಬುವುದಿಲ್ಲ. ಜೂನ್‌ನಲ್ಲಿ ಅಲ್ಲಿಂದಲೇ ನೀರು ಸೋರುತ್ತದೆ. ಆದ್ದರಿಂದ ಮೂರನ್ನೂ ಬಳಸಿ ನೋಡುವಾಗ ಮೊದಲು ಗಮನಿಸಿದ್ದು, ಭಾರ ಎಲ್ಲಿ ಕೂರುತ್ತದೆ ಎಂಬುದನ್ನು.

ಚಾವಣಿಗೆ ಕಟ್ಟುವ ಬಟ್ಟೆ ಒಣಗಿಸುವ ಪುಲ್ಲಿ ಹ್ಯಾಂಗರ್ ಅಗ್ಗ, ಜಾಗವನ್ನೂ ತಿನ್ನುವುದಿಲ್ಲ. ಆದರೂ ಬೇಡ. ನೈಲಾನ್ ಹಗ್ಗ ದಿನ ಕಳೆದಂತೆ ಹಿಗ್ಗುತ್ತದೆ, ಎರಡು ಬದಿ ಒಂದೇ ಸಮ ಹಿಗ್ಗುವುದಿಲ್ಲ, ಪ್ಯಾನೆಲ್ ವಾಲುತ್ತದೆ. ಆ ಪ್ಲಾಸ್ಟಿಕ್ ಗಾಲಿಗಳು ಒದ್ದೆ ಬಟ್ಟೆಗೆಂದು ಮಾಡಿದವು. ಕೆಳಗೆ ಗಾಡಿ ನಿಲ್ಲುವ ಕಡೆ ಈ ಅಪಾಯ ಯಾಕೆ?

ಗೋಡೆ ಬ್ರಾಕೆಟ್ ಚೆನ್ನಾಗಿದೆ, ಗೋಡೆ ಕಾಂಕ್ರೀಟಿನದಾದರೆ. 25 ಮಿ.ಮೀ. ಕಬ್ಬಿಣದ ಆ್ಯಂಗಲ್, 30 ಸೆಂ.ಮೀ. ಚಾಚು, ತುದಿ 5 ಸೆಂ.ಮೀ. ಮೇಲಕ್ಕೆ ಬಾಗಿರಬೇಕು. ಎರಡು ಬ್ರಾಕೆಟ್‌ಗಳನ್ನು ಎರಡೂ ತುದಿಯಿಂದ ಪ್ಯಾನೆಲ್ ಉದ್ದದ ಕಾಲು ಭಾಗ ಬಿಟ್ಟು ಎದೆಮಟ್ಟದಲ್ಲಿ ಕೂರಿಸಿ. ನಮ್ಮ ಕಡೆ ಹೆಚ್ಚಿನವು ಚಿರೇಕಲ್ಲಿನ ಗೋಡೆ. ಅದರಲ್ಲಿ ಆ್ಯಂಕರ್ ಬೋಲ್ಟ್ ಬಿಗಿ ಮಾಡಿದಷ್ಟೂ ಕಲ್ಲು ಪುಡಿಯಾಗಿ ಬೋಲ್ಟ್ ಸುಮ್ಮನೆ ತಿರುಗುತ್ತದೆ. ಅಲ್ಲಿ 10 ಮಿ.ಮೀ. ಥ್ರೆಡ್ ರಾಡನ್ನು ಗೋಡೆಯ ಆಚೆಗೇ ದಾಟಿಸಿ, ಎರಡೂ ಕಡೆ ಅಗಲದ ಪ್ಲೇಟ್ ಇಟ್ಟು ನಟ್ ಹಾಕಬೇಕು. ಕರಾವಳಿಯಲ್ಲಿ ರಾಡು, ನಟ್ಟು ಸ್ಟೇನ್‌ಲೆಸ್ ಇರಲಿ. ಬರೀ ರೆಡ್ ಆಕ್ಸೈಡ್ ಬಳಿದರೆ ತುಕ್ಕಿನ ನೀರು ಇಳಿದು ಪ್ಯಾನೆಲ್ ಕಲೆಯಾಗುತ್ತದೆ.

ಹೆಚ್ಚಿನ ಮನೆಗಳಿಗೆ ಪಿವಿಸಿ ಸ್ಟ್ಯಾಂಡೇ ಸರಿ. ಒಂದೂಕಾಲು ಇಂಚಿನ ದಪ್ಪ ಪೈಪು 20 ಅಡಿಯದು ಒಂದು, 4 ಟೀ (ಮೂರು ಬಾಯಿಯ ಜೋಡಣೆ), 6 ಎಲ್ಬೋ (ಮೊಣಕೈಯಂತೆ ಬಾಗಿದ ಜೋಡಣೆ), 4 ಎಂಡ್ ಕ್ಯಾಪ್ (ತುದಿಯ ಮುಚ್ಚಳ). ಪೈಪನ್ನು ಹೀಗೆ ಕತ್ತರಿಸಿ: 75 ಸೆಂ.ಮೀ. 2, 40ರದ್ದು 2, 30ರದ್ದು 4, 20ರದ್ದು 2, 10ರದ್ದು 4. ಎರಡು 30ರ ನಡುವೆ ಟೀ ಬಾಯಿ ಮೇಲಕ್ಕಿರುವಂತೆ ಸೇರಿಸಿದರೆ ಒಂದು ಪಾದ. ಅದರ ಎರಡೂ ತುದಿಗೆ ಎಲ್ಬೋ, ಅದರಲ್ಲಿ 10ರ ತುಂಡು ನೆಟ್ಟಗೆ, ಮೇಲೆ ಕ್ಯಾಪ್. ಪ್ಯಾನೆಲ್ ಜಾರದಂತೆ ತಡೆಯುವುದು ಇದೇ. ಟೀಯಿಂದ ಮೇಲಕ್ಕೆ 20, ಇನ್ನೊಂದು ಟೀ, 40, ಎಲ್ಬೋ. ಇಂಥ ಎರಡು ಬದಿಗಳನ್ನು 75ರ ಅಡ್ಡಪೈಪುಗಳಿಂದ ಜೋಡಿಸಿ. ಮೊದಲು ಸಾಲ್ವೆಂಟ್ (ಪಿವಿಸಿ ಅಂಟು) ಹಚ್ಚದೆ ಕೂರಿಸಿ, ನೆಲದ ಮೇಲೆ ಅಲುಗಾಡದಿದ್ದರೆ ಮಾತ್ರ ಅಂಟಿಸಿ. ಅಂಟಿಸಿದ ಮೇಲೆ ತಿರುಗಿಸಲಾಗದು. ಪಾದಗಳಿಗೆ ಒಣ ಮರಳು ತುಂಬಿದರೆ ಗಾಳಿಗೆ ಜಗ್ಗುವುದಿಲ್ಲ. ಬಿಸಿಲಿಗೆ ಪಿವಿಸಿ ಪೆಡಸಾಗುವುದರಿಂದ ನೆರಳಲ್ಲೇ ಇಡಿ.

ಆಚೆಗೊಂದು ಈಚೆಗೊಂದು ಪ್ಯಾನೆಲ್ ಒರಗಿಸಬಹುದು, ಒಂದನ್ನೇ ಇಟ್ಟರೂ ಮಗುಚುವುದಿಲ್ಲ. ಹೊರಮೈ ಪೈಪಿನ ಕಡೆಗಿರಲಿ. ಒಳಮೈಯ ಲಾಕ್‌ಗಳು ಸಿಕ್ಕಿಕೊಳ್ಳುತ್ತವೆ. ಮೇಲಿನ ಅಡ್ಡಪೈಪಿಗೆ ಏಸಿ ಮೆಕ್ಯಾನಿಕ್ ತಾಮ್ರದ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆಯನ್ನು ಉದ್ದಕ್ಕೆ ಸೀಳಿ ಹೊದಿಸಿ, ಮೇಲೆ ಹಳೆ ಪಂಚೆ ಸುತ್ತಿ. ಪಾದದ ಮೇಲೂ ಅದೇ ಫೋಮ್ ಎರಡು ಪದರ, ಆದರೆ ರಬ್ಬರ್ ಬರುವ ಜಾಗದಲ್ಲಿ ತೋಡು ಮಾಡಿ, ಭಾರ ಗಟ್ಟಿ ಅಂಚಿನ ಮೇಲೇ ಕೂರಲಿ. ಈ ತೋಡು ಮಾಡದಿದ್ದರೆ ಸ್ಟ್ಯಾಂಡ್ ಎಷ್ಟು ಚೆಂದವಿದ್ದರೂ ವ್ಯರ್ಥ. ಅಡಿಕೆ ದಬ್ಬೆಯಲ್ಲೂ ಇದೇ ಆಕಾರದ ಸ್ಟ್ಯಾಂಡ್ ಆಗುತ್ತದೆ, ಗಟ್ಟಿಯೂ ಹೌದು; ಸಿಬಿರು ಬಣ್ಣ ಗೀಚದಂತೆ ಚೆನ್ನಾಗಿ ಹೆರೆಯಬೇಕು.

ಯಾವುದರಲ್ಲೇ ಇಟ್ಟರೂ ಮೊದಲು ಸಿಹಿನೀರಿನಲ್ಲಿ ಉಪ್ಪು, ಮರಳು ತೊಳೆದು ಪೂರ್ತಿ ಒಣಗಿಸಿ. ಪ್ಲಾಸ್ಟಿಕ್ ಹಾಳೆ ಬಿಗಿದರೆ ಒಳಗೆ ಬೆವತು ಒಳಮೈಯ ಲೈನಿಂಗ್‌ಗೆ ಬೂಸ್ಟು ಹಿಡಿಯುತ್ತದೆ, ಹತ್ತಿ ಚಾದರ ಸಾಕು. ರಬ್ಬರಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಎಂಜಿನ್ ಆಯಿಲ್, ವ್ಯಾಸಲಿನ್ ಬೇಡ, ಅವುಗಳಿಂದ ರಬ್ಬರ್ ಊದಿಕೊಳ್ಳುತ್ತದೆ.