ಕಾಸರಗೋಡಿನ ಒಂದು ಜಿಆರ್‌ಇ ಪದಪಾಠ

ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಸಮೀಪದ ತರಬೇತಿ ಕೇಂದ್ರವೊಂದರಲ್ಲಿ, ವಿದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗದ ಪ್ರವೇಶಕ್ಕೆಂದು ಬರೆಯುವ ಜಿಆರ್‌ಇ ಪರೀಕ್ಷೆಯ ಇಂಗ್ಲಿಷ್ ಪದಸಂಪತ್ತಿಗೆಂದೇ ನಡೆಯುವ ವಾರಾಂತ್ಯದ ತರಗತಿಗೆ ಎರಡು ತಿಂಗಳು ಹೋಗಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ‘ಕ್ವಾಲಿಫೈಡ್’ ಎಂದರೆ ಅರ್ಹ ಎಂಬುದಷ್ಟೇ ಗೊತ್ತಿತ್ತು. ‘ಕ್ವಾಲಿಫೈಡ್ ಸಪೋರ್ಟ್’ ಎಂದಾಗ ಅದು ಷರತ್ತಿಗೊಳಪಟ್ಟ, ಮಿತವಾದ ಬೆಂಬಲವಾಗುತ್ತದೆಂದು ಅಧ್ಯಾಪಕರು ಹಲಗೆಯ ಮೇಲೆ ನಾಲ್ಕು ವಾಕ್ಯ ಬರೆದು ತೋರಿಸಿದ ದಿನವೇ ಕೊಟ್ಟ ಶುಲ್ಕ ಸಾರ್ಥಕವೆನಿಸಿತು. ಆರು ಆಯ್ಕೆಗಳಲ್ಲಿ ಎರಡನ್ನು ಆರಿಸಬೇಕಾದ, ಒಂದು ತಪ್ಪಿದರೂ ಅಂಕ ಸಿಗದ ಪ್ರಶ್ನೆಗಳ ಅಭ್ಯಾಸವೂ ಚೆನ್ನಾಗಿತ್ತು. ಆದರೆ ಅವರ ಕೈಪಿಡಿ ತೀರಾ ಹಳೆಯದು. 2011ರಲ್ಲೇ ಪರೀಕ್ಷೆಯಿಂದ ಕೈಬಿಟ್ಟ ವಿರುದ್ಧಪದದ ಪ್ರಶ್ನೆಗಳು ಅದರಲ್ಲಿ ಇನ್ನೂ ಉಳಿದಿವೆ. ಪದಗಳ ಅರ್ಥವನ್ನು ಮಲಯಾಳದಲ್ಲಿ ಮಾತ್ರ ಕೊಟ್ಟಿದ್ದುದರಿಂದ (ಮಾತು ತಿಳಿದರೂ ನನ್ನ ಓದು ನಿಧಾನ) ಅಂಚಿನಲ್ಲಿ ಕನ್ನಡದ ಅರ್ಥವನ್ನು ನಾನೇ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕಾಯಿತು.