ಹಳೆ 35 ಸಾಕೋ, ಬೇರೆ ಬೇಕೋ: ಕಾರವಾರದ ಬೆಳಕಿನಲ್ಲಿ ಮೂರು ಲೆನ್ಸು

ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುವಲ್ಲಿ ನಿಂತು ಸಂಜೆ ಹೊತ್ತು ತೆಗೆದ ನೆಗೆಟಿವ್‌ಗಳನ್ನು ಶಿರಸಿಯ ಗೆಳೆಯ ಕಿಟಕಿಗೆ ಹಿಡಿದು ನೋಡಿದ. ಒಂದು ನಿಮಿಷ ಸುಮ್ಮನಿದ್ದ. ಆಮೇಲೆ, "ನಿನ್ನ ಲೆನ್ಸಿಗೆ ಪೊರೆ ಬೈಂದು ಮಾರಾಯ" ಅಂದ.

ನಾನು ಅಲ್ಲಿಯವರೆಗೆ ಅದನ್ನು ಹಳೇ ಲೆನ್ಸಿನ 'ಗುಣ' ಅಂತ ಅಂದುಕೊಂಡಿದ್ದೆ. ಸೂರ್ಯ ಎದುರಿಗಿದ್ದರೆ ಇಡೀ ಚಿತ್ರಕ್ಕೆ ತೆಳ್ಳಗೆ ಹಾಲು ಸುರಿದ ಹಾಗೆ. 2024ರ ಆಗಸ್ಟ್‌ನಲ್ಲಿ ಕುಸಿದುಬಿದ್ದ ಕಾಳಿ ಹಳೆ ಸೇತುವೆಯ ನನ್ನ ಚಿತ್ರಗಳೆಲ್ಲ ಹೀಗೇ ಇವೆ. ಮಂಜಿನಲ್ಲಿ ತೆಗೆದದ್ದಾ ಅಂತ ಕೇಳುತ್ತಾರೆ. ಕಾರವಾರದಲ್ಲಿ ಏಪ್ರಿಲ್ ತಿಂಗಳ ಸಂಜೆ ಎಲ್ಲಿಯ ಮಂಜು!

ಕ್ಯಾಮೆರಾ ದೊಡ್ಡಪ್ಪನದು, ಕ್ಯಾನನ್ ಪಿ. 1959ರಲ್ಲಿ ಬಂದ ರೇಂಜ್‌ಫೈಂಡರ್, ಅಂದರೆ ಫೈಂಡರಿನ ನಡುವಿನ ಪ್ಯಾಚ್‌ನಲ್ಲಿ ಕಾಣುವ ಎರಡು ಬಿಂಬ ಒಂದಾಗಿಸಿ ಫೋಕಸ್ ಹಿಡಿಯುವ ಫಿಲ್ಮ್ ಕ್ಯಾಮೆರಾ. 39 ಮಿಲಿಮೀಟರ್ ಸ್ಕ್ರೂ ಮೌಂಟ್, ಅಂದರೆ ಲೆನ್ಸನ್ನು ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ಕೂರಿಸಬೇಕು. ಬೆಳಕು ಅಳೆಯುವ ಮೀಟರ್ ಇಲ್ಲ, ಬ್ಯಾಟರಿಯೂ ಬೇಡ. ದೊಡ್ಡಪ್ಪ ಸರಕು ಹಡಗಿನಲ್ಲಿದ್ದಾಗ ಕೊಂಡದ್ದು, ಜತೆಗೆ ಬಂದದ್ದು ಕ್ಯಾನನ್ನಿನದೇ 35 ಎಫ್ 2.8 ಲೆನ್ಸು. 35 ಅಂದರೆ ಮಿಲಿಮೀಟರಿನಲ್ಲಿ ಫೋಕಲ್ ಲೆಂತ್; ಎಫ್ ಅಂಕಿ ಲೆನ್ಸು ಎಷ್ಟು ತೆರೆಯುತ್ತದೆ ಅನ್ನುವುದು, ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಅವರು ನಿವೃತ್ತರಾದಮೇಲೆ ಎರಡೂ ಚರ್ಮದ ಕೇಸಿನೊಳಗೆ, ಕೇಸು ಕಪಾಟಿನೊಳಗೆ, ಎಷ್ಟೋ ಮಳೆಗಾಲ. ನಮ್ಮ ಕರಾವಳಿಯಲ್ಲಿ ಲೆನ್ಸು ಕೆಡಿಸಬೇಕೆಂದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲೆ ಬೂಸ್ಟಿಗೆ ಬೇಕಾದದ್ದೇ.

ಹಾಗಾಗಿ ಅಪ್‌ಗ್ರೇಡ್ ಮಾಡೋಣ ಅಂತ ಹೊರಟವನು ಮೊದಲು ಮಾಡಿದ್ದು ಕ್ಲೀನಿಂಗ್. ಇದನ್ನು ಮಾಡದೆ ಹೋಲಿಕೆಗೆ ಇಳಿದರೆ ಹೊಸ ಲೆನ್ಸಿನ ಜತೆ ಹಳೆ ಲೆನ್ಸು ಹೋಲಿಸಿದಂತೆ ಆಗುವುದಿಲ್ಲ, ಹೊಸ ಲೆನ್ಸಿನ ಜತೆ ಕೊಳೆ ಹೋಲಿಸಿದಂತೆ ಆಗುತ್ತದೆ. ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ: ಜೇಡರ ಬಲೆಯಂಥ ಎಳೆಗಳಿದ್ದರೆ ಫಂಗಸ್, ಬಾಯಿಂದ ಹಾ ಅಂದು ಊದಿದ ಹಾಗೆ ಒಂದೇ ಸಮ ಮಸುಕಿದ್ದರೆ ಹೇಜ್. ಹೇಜ್ ಎಂದರೆ ಒಳಗಿನ ಗ್ರೀಸು, ಎಣ್ಣೆ ಆವಿಯಾಗಿ ಗಾಜಿಗೆ ಕೂತದ್ದು. ಅದು ಬಹುಮಟ್ಟಿಗೆ ಒರೆಸಿದರೆ ಹೋಗುತ್ತದೆ. ಫಂಗಸ್ ಬಹಳ ದಿನ ಇದ್ದರೆ ಗಾಜಿನ ಮೇಲಿನ ಕೋಟಿಂಗನ್ನೇ (ಪ್ರತಿಫಲನ ತಡೆಯುವ ತೆಳು ಲೇಪ) ತಿಂದಿರುತ್ತದೆ, ಆಮೇಲೆ ಏನು ಒರೆಸಿದರೂ ಗುರುತು ಉಳಿಯುತ್ತದೆ. ನನ್ನದರಲ್ಲಿ ಮುಕ್ಕಾಲು ಪಾಲು ಹೇಜ್, ಅಂಚಿನಲ್ಲೊಂದು ಕಡೆ ಫಂಗಸ್. ಹುಬ್ಬಳ್ಳಿಯಲ್ಲಿ ಒಬ್ಬ ಹಿರಿಯ ರಿಪೇರಿಯವರು ಬಿಚ್ಚಿ ಒರೆಸಿ ಕೊಟ್ಟರು. ಅದಕ್ಕೂ ಮೊದಲು ಇನ್ನೊಬ್ಬರ ಕೈಗೆ ಕೊಟ್ಟು ಮುಂದಿನ ರಿಂಗಿಗೆ ಇಕ್ಕಳದ ಗಾಯ ಮಾಡಿಸಿಕೊಂಡಿದ್ದೆ. ಆ ಕತೆ ಬೇಡ.

ಹೋಲಿಕೆಗೆ ಸಿಕ್ಕಿದ್ದು ಎರಡು. ಒಂದು, ಶಿರಸಿಯ ಗೆಳೆಯನ ಫೋಕ್ಟ್‌ಲೆಂಡರ್ ಕಲರ್ ಸ್ಕೋಪಾರ್ 35 ಎಫ್ 2.5. ಹೆಸರು ಜರ್ಮನಿಯದು, ಮಾಡಿದ್ದು ಜಪಾನಿನ ಕೊಸಿನಾ. ಏಳು ಗಾಜು, ಮಲ್ಟಿಕೋಟಿಂಗ್. ಇನ್ನೊಂದು, ಕ್ಯಾನನ್ನಿನದೇ 35 ಎಫ್ 2, ಅರವತ್ತರ ದಶಕದ್ದು. ಬೆಳಗಾವಿಯ ಒಬ್ಬರು ಮಾರುವವರಿದ್ದರು, ವಾರ ಇಟ್ಟುಕೊಂಡು ನೋಡಿ ಅಂದರು. ರಷ್ಯದ ಜೂಪಿಟರ್ 12 ಕೂಡ ಕೈಗೆ ಬಂದಿತ್ತು, ಎಲ್ಲಕ್ಕಿಂತ ಅಗ್ಗ. ಝೈಸ್ ಬಯೋಗಾನ್‌ನ ವಂಶ, ಒಳ್ಳೆಯ ಲೆನ್ಸೇ. ಆದರೆ ಅದರ ಹಿಂದಿನ ಗಾಜು ಗುಂಡಗೆ ಕ್ಯಾಮೆರಾದ ಹೊಟ್ಟೆಯೊಳಗೆ ಇಳಿಯುತ್ತದೆ. ಕ್ಯಾನನ್ ಪಿ ಯ ಶಟರ್ ಪರದೆ ತೆಳು ಸ್ಟೀಲಿನದು. ಬಿಸಿಲಿಗೆ ಬಟ್ಟೆಯ ಪರದೆಯ ಹಾಗೆ ಸುಡುವುದಿಲ್ಲ, ಆದರೆ ಬೆರಳು ತಾಗಿದರೆ ಸುಕ್ಕಾಗುತ್ತದೆ. ಎರಡನ್ನೂ ಮುಖಾಮುಖಿ ಮಾಡಿಸುವ ಧೈರ್ಯ ನನಗೆ ಬರಲಿಲ್ಲ. ಅದೂ ಅಲ್ಲದೆ ಅದರ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಬದಲಿಸಬೇಕೆಂದರೆ ಕ್ಯಾಮೆರಾ ತಿರುಗಿಸಿ ಬಾವಿಯೊಳಗೆ ಇಣುಕಿದ ಹಾಗೆ ಮುಂದಿನಿಂದ ನೋಡಬೇಕು. ಅಲ್ಲಿಗೆ ಬಿಟ್ಟೆ.

ಮೊದಲ ಪರೀಕ್ಷೆ ಅದೇ ಕೋಡಿಬಾಗ, ಅದೇ ಸಂಜೆ ಹೊತ್ತು, ಸದಾಶಿವಗಡ ಬಲಕ್ಕೆ, ಸೂರ್ಯ ಚೌಕಟ್ಟಿನ ಮೂಲೆಯಲ್ಲಿ. ಟ್ರೈಪಾಡ್ ಮೇಲೆ ಒಂದೇ ರೀಲಿನಲ್ಲಿ ಮೂರೂ ಲೆನ್ಸು. ಕಲರ್ ಸ್ಕೋಪಾರ್ ಗೆದ್ದಿತು, ಅದರಲ್ಲಿ ಅನುಮಾನವೇ ಇಲ್ಲ. ದೋಣಿಯ ಕಪ್ಪು ಕಪ್ಪಾಗಿಯೇ ನಿಂತಿತ್ತು, ಅಲೆಯ ಮೇಲಿನ ಹೊಳಪು ಚೂರು ಚೂರಾಗಿ ಎಣಿಸಬಹುದಿತ್ತು. ಎಫ್ 2ರಲ್ಲಿ ಸೂರ್ಯನಿಂದ ಎದುರು ಮೂಲೆಗೆ ಒಂದು ಮಸುಕು ಬಿಲ್ಲೆ ಬಿತ್ತು. ಆಶ್ಚರ್ಯ ಆದದ್ದು ಹಳೆಯದನ್ನು ನೋಡಿ. ಹಾಲು ಹೋಗಿತ್ತು! ಪೂರ್ತಿ ಅಲ್ಲ, ಸೂರ್ಯನ ಸುತ್ತ ಒಂದು ವರ್ತುಲ ಉಳಿದಿತ್ತು. ಆದರೆ ಸೂರ್ಯನನ್ನು ಚೌಕಟ್ಟಿನಿಂದ ಹೊರಗೆ ತಳ್ಳಿ, ಟೋಪಿಯಿಂದ ನೆರಳು ಹಿಡಿದರೆ ಮೂರರ ನೆಗೆಟಿವ್‌ಗಳನ್ನು ಪಕ್ಕಪಕ್ಕ ಇಟ್ಟು ಲೂಪಿನಲ್ಲಿ (ಭೂತಗನ್ನಡಿ) ನೋಡಿ ಯಾವುದು ಯಾವುದೆಂದು ಹೇಳಬೇಕಾಯಿತು. ಎರಡು ವರ್ಷ ನಾನು ಬೈದದ್ದು ಲೆನ್ಸನ್ನಲ್ಲ, ಗ್ರೀಸನ್ನು.

ಬೈತಖೋಲ ಬಂದರಿನ ಮಧ್ಯಾಹ್ನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಫ್ 8 ಇಟ್ಟು, ಐದು ಮೀಟರಿಗೆ ಫೋಕಸ್ ಮಾಡಿಬಿಟ್ಟರೆ 35ರಲ್ಲಿ ಎರಡೂವರೆ ಮೀಟರಿನಿಂದ ದಿಗಂತದವರೆಗೆ ಎಲ್ಲ ಸ್ಪಷ್ಟ. ಬಂಗಡೆ ಬುಟ್ಟಿ ಹೊತ್ತು ಓಡುವವರ ನಡುವೆ ಫೋಕಸ್ ರಿಂಗ್ ಮುಟ್ಟುವ ಕೆಲಸವೇ ಇಲ್ಲ. ಅಲ್ಲಿ ಮೂರೂ ಒಂದೇ. ಒಂದು ಮಾತು ಮಾತ್ರ: ಟ್ರಾಲರ್ ನೆರಳಿನಲ್ಲಿ ಕೂತು ಬಲೆ ಹೊಲಿಯುವವರ ಮುಖ ಹಳೆ ಲೆನ್ಸಿನಲ್ಲಿ ಹೆಚ್ಚು ಕಂಡಿತು. ಅದರ ಕಾಂಟ್ರಾಸ್ಟ್ ಕಡಿಮೆ, ಹಾಗಾಗಿ ನೆರಳಿನೊಳಗೂ ಸ್ವಲ್ಪ ಬೆಳಕು ಸೋರುತ್ತದೆ. ಸ್ಕೋಪಾರ್‌ನಲ್ಲಿ ಅದೇ ಮುಖ ಮಸಿಯಾಗಿತ್ತು. ಅದು ಲೆನ್ಸಿನ ತಪ್ಪಲ್ಲ, ನಾನು ಇನ್ನಷ್ಟು ಎಕ್ಸ್‌ಪೋಶರ್ ಕೊಡಬೇಕಿತ್ತು.

ನಿಜವಾದ ತೀರ್ಮಾನ ಆದದ್ದು ರಾತ್ರಿ, ಹೊನ್ನಾವರದ ಕಡೆ ಒಂದು ಆಟದಲ್ಲಿ. ಚಳಿಗಾಲದಲ್ಲಿ ನನ್ನ ರೀಲುಗಳಲ್ಲಿ ಅರ್ಧಕ್ಕರ್ಧ ಯಕ್ಷಗಾನವೇ. ರಂಗದ ಬೆಳಕಿಗೆ 400ರ (ಐಎಸ್‌ಒ, ಅಂದರೆ ಫಿಲ್ಮು ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಫಿಲ್ಮಿನಲ್ಲಿ ಎಫ್ 2.8 ಇಟ್ಟರೆ ಶಟರ್ ವೇಗ 1/30 ಸೆಕೆಂಡ್ ಬರುತ್ತಿತ್ತು. ವೇಷ ನಿಂತು ಅರ್ಥ ಹೇಳುವಾಗ 1/30 ಸಾಕು. ಚಂಡೆ ಏರಿ ಮುಂಡಾಸಿನ ವೇಷ ಗಿರ್ರನೆ ತಿರುಗಿದಾಗ ಸಾಲದು. ಮುಖ, ಮೀಸೆ, ಎದೆಕಟ್ಟು ಎಲ್ಲ ಒಂದರೊಳಗೊಂದು ಕಲಸಿಹೋಗುತ್ತದೆ. 2.8ರಿಂದ 2ಕ್ಕೆ ಪೂರ್ತಿ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು, 1/60. ಆ ಚೌಕಟ್ಟುಗಳಲ್ಲಿ ಕಾಲ ಗೆಜ್ಜೆ ಮಸುಕು, ಕಣ್ಣು ಚೂಪು. ನನಗೆ ಬೇಕಾದದ್ದು ಅದೇ.

ಹಾಗಾದರೆ 2.5? ಕಾಗದದ ಮೇಲೆ ಅದೂ 2.8ಕ್ಕಿಂತ ಬೆಳಕಿನದ್ದೇ, ಆದರೆ ಸ್ಟಾಪಿನ ಮೂರನೇ ಒಂದು ಪಾಲು ಮಾತ್ರ. ಈ ಕ್ಯಾಮೆರಾದ ಶಟರ್ ಡಯಲ್‌ನಲ್ಲಿ 30 ಆದಮೇಲೆ 60, ನಡುವೆ ಹಲ್ಲೇ ಇಲ್ಲ. ಆ ಮೂರನೇ ಒಂದು ಪಾಲನ್ನು ವೇಗವಾಗಿ ಬದಲಾಯಿಸಿಕೊಳ್ಳುವ ದಾರಿಯೇ ಇಲ್ಲ, ನೆಗೆಟಿವ್ ಕೂದಲೆಳೆಯಷ್ಟು ದಟ್ಟವಾಗುತ್ತದೆ, ಅಷ್ಟೇ. ಗೆಳೆಯನಿಗೆ ಇದನ್ನು ಹೇಳಿದರೆ ಒಪ್ಪಲಿಲ್ಲ. "ಶಾರ್ಪ್ನೆಸ್ ನೋಡು" ಅಂದ. ನೋಡಿದೆ. ಎಫ್ 2ರಲ್ಲಿ ಪೂರ್ತಿ ತೆರೆದರೆ ಮೂಲೆಗಳು ಮೆತ್ತಗೆ, ನಿಜ. ಆದರೆ ಆಟದ ಚಿತ್ರದಲ್ಲಿ ಮೂಲೆಯಲ್ಲಿ ಇರುವುದು ಕತ್ತಲೆ ಮತ್ತು ಕಡ್ಲೆ ತಿನ್ನುವ ಮಂದಿ.

ಎಫ್ 2ರ ಬೆಲೆಯನ್ನು ಫೋಕಸಿನಲ್ಲಿ ಕೊಡಬೇಕಾಗುತ್ತದೆ. ಮೂರು ಮೀಟರ್ ದೂರದ ವೇಷಕ್ಕೆ 2.6ರಿಂದ 3.5 ಮೀಟರಿನಷ್ಟೇ ಸ್ಪಷ್ಟ. ಮೊದಲ ರಾತ್ರಿ ನಾಲ್ಕೈದು ಚೌಕಟ್ಟು ಹೀಗೇ ಹೋದವು. ಕ್ಯಾನನ್ ಪಿ ಯ ಫೈಂಡರ್ ಒಂದಕ್ಕೊಂದು ಅಳತೆಯದು, ಅಂದರೆ ಬರಿಗಣ್ಣಿಗೆ ಕಂಡಷ್ಟೇ ದೊಡ್ಡದಾಗಿ ತೋರಿಸುತ್ತದೆ, ಎರಡೂ ಕಣ್ಣು ಬಿಟ್ಟು ನೋಡಬಹುದು, ಫೋಕಸ್ ಹಿಡಿಯಲು ಸುಖ. ಆದರೆ ಕನ್ನಡಕ ಹಾಕಿದವನಿಗೆ 35ರ ಚಿತ್ರದ ಅಂಚು ತೋರಿಸುವ ಗೆರೆ ಒಂದೇ ನೋಟಕ್ಕೆ ಕಾಣುವುದಿಲ್ಲ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಣ್ಣು ಹೊರಳಿಸಬೇಕು. ಈ ಸಂಕಟ ಮೂರು ಲೆನ್ಸಿಗೂ ಒಂದೇ. ಸ್ಕೋಪಾರ್ 0.7 ಮೀಟರಿನವರೆಗೆ ಹತ್ತಿರ ಹೋಗುತ್ತದೆ ಅನ್ನುವುದು ನನಗೆ ಉಪಯೋಗಕ್ಕೆ ಬರಲಿಲ್ಲ. ಆ ಕಾಲದ ಬಾಡಿ ಮಾಡಿದ್ದು ಒಂದು ಮೀಟರಿನ ಲೆಕ್ಕಕ್ಕೆ, ಅದಕ್ಕಿಂತ ಹತ್ತಿರ ನನ್ನ ಪ್ಯಾಚ್ ಹಿಂಬಾಲಿಸಲಿಲ್ಲ.

ನೀವು ಹಗಲಿನವರಾದರೆ, ಸಮುದ್ರದ ಎದುರು ಸೂರ್ಯನನ್ನಿಟ್ಟು ತೆಗೆಯುವವರಾದರೆ, ಕಣ್ಣು ಮುಚ್ಚಿ ಸ್ಕೋಪಾರ್ ತೆಗೆದುಕೊಳ್ಳಿ. ಎರಡೂ ಬೇಡ, ದುಡ್ಡಿಲ್ಲ ಅಂದರೆ ಇರುವುದನ್ನು ಒರೆಸಿಸಿ. ಕ್ಲೀನಿಂಗಿಗೆ ನಾನು ಕೊಟ್ಟದ್ದು ಆ ಎರಡರಲ್ಲಿ ಯಾವುದರ ಬೆಲೆಯ ಹತ್ತನೇ ಒಂದು ಪಾಲೂ ಅಲ್ಲ, ಬಂದ ಲಾಭ ಎಲ್ಲಕ್ಕಿಂತ ಹೆಚ್ಚು. ನಾನು ಎಫ್ 2 ಇಟ್ಟುಕೊಂಡೆ. ಹಳೆಯದನ್ನು ಮಾರಲಿಲ್ಲ, ಇಕ್ಕಳದ ಗಾಯ ನೋಡಿ ಯಾರೂ ಕೇಳಲೂ ಇಲ್ಲ. ಈಗ ಎರಡೂ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇವೆ. ನೀಲಿ ಹರಳು ಗುಲಾಬಿಯಾದರೆ ತವದ ಮೇಲೆ ಹುರಿದು ಮತ್ತೆ ಹಾಕುವುದು. ಜೂನ್ ಬಂತೆಂದರೆ ವಾರಕ್ಕೊಮ್ಮೆ ಆ ಕೆಲಸ.

ಒಂದು ತಾಪತ್ರಯ ಉಳಿದಿದೆ. ಎಫ್ 2ರ ಫಿಲ್ಟರ್ ಅಳತೆ 40 ಮಿಲಿಮೀಟರ್. ಪೇಟೆಯಲ್ಲಿ ಸಿಗುವುದು 40.5, ಅದು ಕೂರುವುದಿಲ್ಲ. ಮುಂದಿನ ಗಾಜಿಗೆ ಉಪ್ಪುಗಾಳಿ ನೇರ ಬಡಿಯುತ್ತದೆ. ಯಾರ ಹತ್ತಿರವಾದರೂ 40ರ ಹಳದಿ ಫಿಲ್ಟರ್ ಇದ್ದರೆ ಹೇಳಿ, ಬೆಲೆ ಕೇಳದೆ ತಗೊಳ್ಳುತ್ತೇನೆ.